ಗಾಜಿನಾಚೆಯ ವಸ್ತು, ಈಚೆಯ ಮಾತು

ಕಲಾ ಸಂಗ್ರಹಾಲಯದಲ್ಲಿ ಪ್ರೇಕ್ಷಕರೊಡನೆ ನಡೆದು, ಕಂಡದ್ದನ್ನು ವಿವರಿಸುವ ಪದ್ಧತಿ ಬಹಳ ಹಳೆಯದೇನಲ್ಲ. ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅವರು, ವಸ್ತುವನ್ನಿರಿಸಿ ಪಕ್ಕದಲ್ಲಿ ಚೀಟಿ ಬರೆದಿಟ್ಟರೆ ಸಾಲದು, ನೋಡುವವರ ಬಳಿ ನಿಂತು ಮಾತನಾಡುವವರು ಬೇಕೆಂದು ಪ್ರತಿಪಾದಿಸಿದರು. 1907ರಲ್ಲಿ ಅಲ್ಲಿ ಆರಂಭವಾದ ಈ ಸೇವೆಯವರಿಗೆ 'ಡೋಸೆಂಟ್' ಎಂಬ ಹೆಸರಾಯಿತು. 'ಕಲಿಸು' ಎಂಬರ್ಥದ ಲ್ಯಾಟಿನ್ ಧಾತು ಅದರ ಮೂಲ. ಮುಂದೆ ಅನೇಕ ಸಂಗ್ರಹಾಲಯಗಳಲ್ಲಿ ಈ ಹೊಣೆಯನ್ನು ಸಂಬಳವಿಲ್ಲದ ಸ್ವಯಂಸೇವಕರೇ ಹೊತ್ತರು.

ನಾವು ಅಂಥ ಅಧಿಕೃತ ಮಾರ್ಗದರ್ಶಕರಲ್ಲ. ಬೀದರ್, ಜಹೀರಾಬಾದ್, ನಾರಾಯಣಖೇಡಗಳಿಂದ ಬಂಧುಗಳು ಹೈದರಾಬಾದಿಗೆ ಬಂದಾಗ ಅವರನ್ನು ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಕರೆದೊಯ್ದು ಕನ್ನಡದಲ್ಲಿ ವಿವರಿಸುವವರು, ಅಷ್ಟೆ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ನಿಜಾಮರ ದಿವಾನಗಿರಿಯನ್ನು 1914ರಲ್ಲಿ ತೊರೆದು, ತಮ್ಮ ಐಶ್ವರ್ಯವನ್ನು ಕಲಾವಸ್ತುಗಳ ಸಂಗ್ರಹಕ್ಕೆ ಧಾರೆಯೆರೆದರು. ಅವಿವಾಹಿತರಾಗಿ 1949ರಲ್ಲಿ ತೀರಿಕೊಂಡ ಅವರ ಸಂಗ್ರಹವು 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲಿ ಜನತೆಗೆ ತೆರೆಯಿತು. 1968ರಲ್ಲಿ ಮೂಸಿ ನದಿಯ ದಂಡೆಯ ಇಂದಿನ ಕಟ್ಟಡಕ್ಕೆ ಬಂತು.

ಮುಸುಕಿನ ರೆಬೆಕಾಳ ಅಮೃತಶಿಲೆಯ ಪ್ರತಿಮೆಯನ್ನೂ, ಗಂಟೆ ಬಾರಿಸುವ ಗಡಿಯಾರವನ್ನೂ ಬಂದವರೆಲ್ಲ ಬೆರಗಿನಿಂದ ನೋಡುವರು. ಆದರೆ ನಮ್ಮ ಹೆಜ್ಜೆ ನಿಧಾನವಾಗುವುದು ಬಿದ್ರಿ ಪಾತ್ರೆಗಳ ಮುಂದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕಹೊಯ್ದು, ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಮಾತು ಕೇಳಿದೊಡನೆ ಊರಿನವರ ಮುಖಗಳು ಅರಳುವುದನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಗೊಂಡಾಗ ಬೀದರ್ ಅತ್ತ ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಇತ್ತ ಉಳಿದವು. ಗಡಿ ಹಂಚಿದ ನೆನಪು ಆ ಕಪ್ಪು ಪಾತ್ರೆಯೆದುರು ಮತ್ತೆ ಕೂಡುತ್ತದೆ.

ಆ ಹುಮ್ಮಸ್ಸಿನಲ್ಲಿ ನಾವೊಮ್ಮೆ, "ಇದು ನಮ್ಮದು" ಎಂದು ತುಸು ಜೋರಾಗಿಯೇ ಹೇಳಿದೆವು. ಬೀದರ್ ಕಡೆಯ ವೃದ್ಧೆಯೊಬ್ಬರು ಹುಕ್ಕಾದ ತಳಪಾತ್ರೆಯನ್ನು ಬಹಳ ಹೊತ್ತು ನೋಡಿ, "ಮಾಡ್ದವನ ಹೆಸರ ಎಲ್ಲಿ ಅದ ಯಪ್ಪಾ?" ಎಂದು ಕೇಳಿದರು. ಸಂಗ್ರಹಿಸಿದವರ ಹೆಸರು, ವಂಶ, ಇಸವಿಗಳನ್ನು ನಾವು ಒಂದೂ ಬಿಡದೆ ಹೇಳಿದ್ದೆವು. ಉಳಿ ಹಿಡಿದವನ ವಿಷಯದಲ್ಲಿ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಮ್ಮ ವಿವರಣೆಯ ಕ್ರಮ ಬದಲಾಗಿದೆ. ಪರ್ಷಿಯಾದ ಕುಸುರಿಯೂ ದಖನಿನ ಕೈಗಳೂ ಕೋಟೆಯ ಮಣ್ಣೂ ಸೇರಿ ಆದ ಕಲೆ ಇದೆಂದು ಮೊದಲು ಹೇಳುತ್ತೇವೆ; ಹೆಸರು ಬರೆಯಿಸಿಕೊಳ್ಳದ ಕುಶಲಕರ್ಮಿಯನ್ನು ನೆನೆದ ಮೇಲೆಯೇ ನವಾಬರ ಮಾತು. ಗಿಲ್ಮನ್ನರು ಬಯಸಿದ್ದು ಕಲಿಸುವವರನ್ನು. ಗಡಿನಾಡಿನ ಕನ್ನಡಿಗರಾದ ನಮಗೆ ಆ ಕೆಲಸ ಕಲಿಯುವುದಾಗಿಯೂ ಒದಗಿತು. ನಮ್ಮ ಯುವಕರು ತಿಂಗಳಿಗೊಂದು ಭಾನುವಾರವನ್ನಾದರೂ ಇದಕ್ಕೆ ಮೀಸಲಿಟ್ಟಾರೆಂಬ ಹಾರೈಕೆ ನಮ್ಮದು. ಊರಿನ ಅಜ್ಜಿ ತನ್ನ ನುಡಿಯಲ್ಲಿ ಪ್ರಶ್ನೆ ಕೇಳುವಂತಾದರೆ ಅಷ್ಟರಮಟ್ಟಿಗೆ ಆ ಸಂಗ್ರಹಾಲಯ ಆಕೆಯದೂ ಆಗುತ್ತದೆ.