ಇಂಗ್ಲಿಷ್ ಬೋಧಕರ ತರಬೇತಿ ಮತ್ತು ಪರವಾನಗಿ

ಇಂಗ್ಲಿಷ್ ಮನೆಮಾತಲ್ಲದವರಿಗೆ ಆ ಭಾಷೆ ಕಲಿಸಹೊರಟವರ ಮುಂದೆ ಎರಡು ದಾರಿಗಳಿವೆ. ಒಂದು, ಪರೀಕ್ಷಾ ಸಂಸ್ಥೆಗಳು ಕೊಡುವ ಪ್ರಮಾಣಪತ್ರ. ಇನ್ನೊಂದು, ಸರ್ಕಾರ ಕೊಡುವ ಪರವಾನಗಿ. ಮೊದಲನೆಯದು ಖಾಸಗಿ ಭಾಷಾಶಾಲೆಗಳ ಬಾಗಿಲು ತೆರೆಸುತ್ತದೆ. ಸರ್ಕಾರಿ ಶಾಲೆಯಲ್ಲಿ ಅದೊಂದೇ ಸಾಲದು.

ಪ್ರಮಾಣಪತ್ರಗಳಲ್ಲಿ ಹೆಸರಾದದ್ದು ಕೇಂಬ್ರಿಜ್‌ನ ಸೆಲ್ಟಾ. ಅದರ ಬೇರು ಇರುವುದು 1962ರಲ್ಲಿ ಜಾನ್ ಹೇಕ್ರಾಫ್ಟ್ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್‌ನಲ್ಲಿ ಆರಂಭಿಸಿದ ಎರಡು ವಾರಗಳ ತರಬೇತಿಯಲ್ಲಿ. ಇಂದಿನ ಸೆಲ್ಟಾಗೆ ಕನಿಷ್ಠ 120 ಗಂಟೆಗಳ ಕಲಿಕೆ, ನಾಲ್ಕು ಬರಹಗಳು ಮತ್ತು ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆಗಳ ಪಾಠ ಕಡ್ಡಾಯ. ಕೊನೆಯಲ್ಲಿ ಲಿಖಿತ ಪರೀಕ್ಷೆಯಿಲ್ಲ. ಆ ಆರು ಗಂಟೆಗಳೇ ಅಗ್ನಿಪರೀಕ್ಷೆ. ತರಬೇತುದಾರ ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆಯುತ್ತಾನೆ. ಪಾಠ ಮುಗಿದ ಮೇಲೆ ಸಹಪಾಠಿಗಳ ಎದುರೇ ವಿಮರ್ಶೆ. ‘ಅರ್ಥವಾಯಿತೆ?’ ಎಂದು ಕೇಳಿದರೆ ಟೀಕೆ ಖಚಿತ, ಏಕೆಂದರೆ ಅರ್ಥವಾಗದವರೂ ತಲೆಯಾಡಿಸುತ್ತಾರೆ. ‘ಹಿ ಯೂಸ್ಡ್ ಟು ಸ್ಮೋಕ್’ ಎಂಬ ವಾಕ್ಯ ಕಲಿಸಿದವರು ‘ಅವನು ಈಗಲೂ ಸೇದುತ್ತಾನೆಯೆ?’ ಎಂದು ಕೇಳಬೇಕು. ಉತ್ತರದಲ್ಲೇ ಬಂಡವಾಳ ಬಯಲಾಗುತ್ತದೆ.

ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಅಲ್ಲಿ ನಿಯಮಗಳನ್ನು ಬಿಗಿಗೊಳಿಸಿದ್ದು, ಶಿಕ್ಷಣ ತಜ್ಞರಿಗಿಂತ ಹೆಚ್ಚಾಗಿ, ಪೋಷಕರ ಮೊಕದ್ದಮೆಗಳು ಎನ್ನಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮೂಲದ ಮಕ್ಕಳ ಪರವಾಗಿ ಹೂಡಿದ್ದ ‘ಲಾವ್ ವಿರುದ್ಧ ನಿಕೋಲ್ಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪು ಕೊಟ್ಟಿತು: ಭಾಷೆಯೇ ಬಾರದ ಮಗುವಿಗೆ ಎಲ್ಲರಂತೆ ಅದೇ ಪುಸ್ತಕ, ಅದೇ ಮೇಷ್ಟ್ರನ್ನು ಕೊಟ್ಟರೆ ಅದು ಸಮಾನತೆಯಲ್ಲ. ಫ್ಲಾರಿಡಾದಲ್ಲಿ 1990ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ, ಇಂಥ ಮಕ್ಕಳಿಗೆ ಭಾಷಾಪಾಠ ಮಾಡುವ ಶಿಕ್ಷಕರು 300 ಗಂಟೆಗಳ ವಿಶೇಷ ತರಬೇತಿ ಮುಗಿಸಬೇಕು. ಗಣಿತ, ವಿಜ್ಞಾನ, ಸಮಾಜ ಪಾಠದವರಿಗೂ ವಿನಾಯಿತಿಯಿಲ್ಲ. ಅವರಿಗೆ 60 ಗಂಟೆ.

ಭಾರತದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಹುಟ್ಟಿತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಇಲ್ಲಿ ದಕ್ಷಿಣದ ರಾಜ್ಯಗಳ ಸರ್ಕಾರಿ ಶಾಲಾ ಶಿಕ್ಷಕರಿಗೆ 30 ದಿನಗಳ ತರಬೇತಿ ನಡೆಯುತ್ತ ಬಂದಿದೆ. ಕರ್ನಾಟಕ 2007ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಾಗ, ಅದನ್ನು ಕಲಿಸುವ ಹೊಣೆ ಬಹುಮಟ್ಟಿಗೆ ಬಿದ್ದದ್ದು ಕನ್ನಡ ಮಾಧ್ಯಮದಲ್ಲೇ ಓದಿ ಬಂದಿದ್ದ ಶಿಕ್ಷಕರ ಹೆಗಲಿಗೆ.