ಹಿಮಾಲಯದ ಹೂವು, ಬ್ರಿಟನ್ನಿನ ಹೊಳೆದಂಡೆ

ಮೇ, ಜೂನ್ ಬಂತೆಂದರೆ ಬ್ರಿಟನ್ನಿನ ಹೊಳೆದಂಡೆಗಳಲ್ಲಿ ಸ್ವಯಂಸೇವಕರು ಕೈಗವಸು ತೊಟ್ಟು ಗಿಡ ಕೀಳಲು ಇಳಿಯುತ್ತಾರೆ. ಈ ಕೆಲಸಕ್ಕೆ ಅಲ್ಲಿ ‘ಬಾಲ್ಸಮ್ ಬ್ಯಾಶಿಂಗ್’ ಎಂದೇ ಹೆಸರು. ಕೀಳುವುದು ಹಿಮಾಲಯನ್ ಬಾಲ್ಸಮ್ ಎಂಬ ಗಿಡವನ್ನು. ನಮ್ಮ ಕರ್ಣಕುಂಡಲದ ದಾಯಾದಿ ಅದು.

ಹಿಮಾಲಯದಿಂದ ಅದು ಅಲ್ಲಿಗೆ ತಾನಾಗಿ ಹೋದದ್ದಲ್ಲ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಬಂದು ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಂಡಿದ್ದ ಜಾನ್ ಫೋರ್ಬ್ಸ್ ರಾಯ್ಲ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. 1839ರಲ್ಲಿ ಬೀಜ ಇಂಗ್ಲೆಂಡ್ ತಲುಪಿತು. ಆಳೆತ್ತರ ಮೀರುವ, ಗುಲಾಬಿ ಹೂ ಬಿಡುವ, ಆರೈಕೆ ಕೇಳದ ಗಿಡವನ್ನು ತೋಟಪ್ರಿಯರು ಮೆಚ್ಚಿಕೊಂಡರು. 1855ರ ಹೊತ್ತಿಗಾಗಲೇ ಅದು ಬೇಲಿ ದಾಟಿತ್ತು. ಯಾವ ಗುಣಕ್ಕೆ ಶಹಬ್ಬಾಸ್ ಸಿಕ್ಕಿತ್ತೋ, ಆಮೇಲೆ ತಕರಾರೆದ್ದದ್ದೂ ಅದೇ ಗುಣದ ಮೇಲೆ. ಅಲಂಕಾರಕ್ಕೆಂದು ಬ್ರಿಟಿಷರು ಭಾರತಕ್ಕೆ ತಂದ ಲಂಟಾನ ಬಂಡೀಪುರವನ್ನು ಆವರಿಸಿಕೊಂಡಿರುವಾಗ ಈ ಲೆಕ್ಕ ಚುಕ್ತಾ ಆದಂತೆ ತೋರಬಹುದು. ಹೊಳೆಗಳಿಗೆ ಆ ಸಮಾಧಾನವಿಲ್ಲ.

ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಪಟ್ಟನೆ ಸಿಡಿದು ಸಿಪ್ಪೆ ಸುರುಳಿ ಸುತ್ತಿಕೊಳ್ಳುತ್ತದೆ. ಬೀಜ 7 ಮೀಟರ್ ದೂರಕ್ಕೂ ಹಾರೀತು. ಒಂದು ಗಿಡಕ್ಕೆ ಸುಮಾರು 800 ಬೀಜ. ಹೊಳೆಗೆ ಬಿದ್ದವು ನೀರಿನೊಡನೆ ಸಾಗಿ ಕೆಳಗಿನ ದಂಡೆ ಹಿಡಿಯುತ್ತವೆ. ಬೇಸಿಗೆಯಿಡೀ ಬೇರೆ ಗಿಡಗಳಿಗೆ ಬಿಸಿಲು ಸಿಗದಂತೆ ದಟ್ಟೈಸಿ, ಚಳಿಗಾಲಕ್ಕೆ ಸತ್ತು ದಂಡೆಯನ್ನು ಬೋಳು ಮಾಡುತ್ತದೆ. ಮಣ್ಣು ಪ್ರವಾಹದ ಪಾಲು.

ಬೇರು ಆಳಕ್ಕಿಳಿಯದ ಕಾರಣ ಕೀಳುವುದು ಸುಲಭ. ಬುಡ ಹಿಡಿದು ಎಳೆದು, ಕೆಳಗಿನ ಗೆಣ್ಣಿನ ಕೆಳಗೇ ಮುರಿಯಬೇಕು. ಗೆಣ್ಣು ಉಳಿದರೆ ಮತ್ತೆ ಚಿಗುರುತ್ತದೆ. ಬೀಜ ಕಟ್ಟುವ ಮೊದಲೇ, ಹೊಳೆಯ ಮೇಲ್ಭಾಗದಿಂದಲೇ ಶುರು ಮಾಡಬೇಕು. ಇಲ್ಲದಿದ್ದರೆ ಕೆಳಗೆ ಬೆವರು ಸುರಿಸಿದ್ದೆಲ್ಲ ದಂಡ. ಬೀಜ ಮಣ್ಣಿನಲ್ಲಿ ಸುಮಾರು ಎರಡು ವರ್ಷವಷ್ಟೇ ಬದುಕುವುದು ಕೀಳುವವರ ಪುಣ್ಯ.

ಎಲ್ಲರಿಗೂ ಇದು ವೈರಿಯಲ್ಲ. ಹೂವಿನೊಳಗೆ ನುಗ್ಗಿದ ಜೇನು ಬೆನ್ನಿಗೆ ಬಿಳಿ ಪರಾಗ ಮೆತ್ತಿಕೊಂಡು ಗೂಡಿಗೆ ಮರಳುವಾಗ ಜೇನುಸಾಕಣೆದಾರರಿಗೆ ಖುಷಿಯೇ.

ಆದರೂ 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಇದನ್ನು ನಿಷಿದ್ಧ ಪಟ್ಟಿಗೆ ಸೇರಿಸಿತು. 2014ರಲ್ಲಿ ವಿಜ್ಞಾನಿಗಳು ಹಿಮಾಲಯದಿಂದಲೇ ತಂದ ತುಕ್ಕು ರೋಗದ ಶಿಲೀಂಧ್ರವನ್ನು ದಂಡೆಗಳಲ್ಲಿ ಬಿಟ್ಟರು. ಎಲ್ಲ ಹೊಳೆಗಳ ಬಾಲ್ಸಮ್ ಅದಕ್ಕೆ ಒಂದೇ ರೀತಿ ಮಣಿಯಲಿಲ್ಲ. ಹಾಗಾಗಿ ಕೀಳುವ ಕೆಲಸಕ್ಕೆ ಇನ್ನೂ ಬಿಡುವು ಸಿಕ್ಕಿಲ್ಲ.