ಪತಂಗಗಳ ಘ್ರಾಣಭೇದ ಮತ್ತು ಅಣ್ಣಿಗೇರಿಯ ಕಡಲೆ ಹೊಲ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ‘ಅಣ್ಣಿಗೇರಿ-1’ ಎಂಬ ಕಡಲೆ ತಳಿಯಿಂದ ನಾಡಿನಾಚೆಗೂ ಹೆಸರಾದ ಊರು. ಇಲ್ಲಿಯ ಮತ್ತು ನೆರೆಯ ನವಲಗುಂದದ ಎರೆಭೂಮಿಯಲ್ಲಿ ಹಿಂಗಾರಿ ಕಡಲೆಗೆ ಪರಮಶತ್ರುವೆಂದರೆ ಕಾಯಿಕೊರಕ ಹುಳು. ಅದರ ಪತಂಗಕ್ಕೆಂದು ಹೊಲದಲ್ಲಿ ಕಟ್ಟುವ ಮೋಹಕ ಬಲೆಯಲ್ಲಿ ಬೀಳುವುದು ಗಂಡು, ಮೊಟ್ಟೆಯಿಡುವ ಹೆಣ್ಣಲ್ಲ. ಇದಕ್ಕೆ ಕಾರಣವಾದ ಘ್ರಾಣಭೇದವು ವಿಜ್ಞಾನಕ್ಕೆ ವಿದಿತವಾದ ಬಗೆಯನ್ನೂ ಅದರಿಂದ ರೈತನಿಗೆ ದೊರೆತ ಫಲವನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಕೀಟಶಾಸ್ತ್ರಜ್ಞ ಫಾಬ್ರ್, ಹೆಣ್ಣು ಪತಂಗವೊಂದನ್ನು ತಂತಿಬಲೆಯ ಪಂಜರದಲ್ಲಿರಿಸಿದಾಗ ಕತ್ತಲಲ್ಲಿ ಹತ್ತಾರು ಗಂಡುಗಳು ಅದನ್ನರಸಿ ಬಂದುವು. ಗಾಳಿಯಾಡದ ಗಾಜಿನೊಳಗಿಟ್ಟಾಗ, ಹೆಣ್ಣು ಕಣ್ಣಿಗೆ ಕಾಣುತ್ತಿದ್ದರೂ, ಒಂದೂ ಬರಲಿಲ್ಲ. ಆಕರ್ಷಣೆಯು ರೂಪದ್ದಲ್ಲ, ಗಂಧದ್ದು ಎಂಬ ಊಹೆ ಹೀಗೆ ಬಲಗೊಂಡಿತು.

1959ರಲ್ಲಿ ಜರ್ಮನಿಯ ಬುಟೆನಾಂಡ್ಟ್ ಮತ್ತು ಅವರ ಸಹೋದ್ಯೋಗಿಗಳು ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳ ಗ್ರಂಥಿಗಳಿಂದ ಈ ಗಂಧದ್ರವ್ಯವನ್ನು ಬೇರ್ಪಡಿಸಿ ‘ಬಾಂಬಿಕಾಲ್’ ಎಂದು ಹೆಸರಿಟ್ಟರು. ‘ಫೆರೊಮೋನ್’ ಎಂಬ ಪದ ಹುಟ್ಟಿದ್ದೂ ಅದೇ ವರ್ಷ. ಕುಡಿಮೀಸೆಯಲ್ಲಿ ಏಳುವ ವಿದ್ಯುತ್ ಸ್ಪಂದನವನ್ನು ಶ್ನೈಡರ್ ಅಳೆದು ನೋಡಲಾಗಿ, ಗಂಡಿನ ಕುಡಿಮೀಸೆ ಬಾಂಬಿಕಾಲಿಗೆ ತೀವ್ರವಾಗಿ ಸ್ಪಂದಿಸಿತು, ಹೆಣ್ಣಿನದು ಸ್ಪಂದಿಸಲಿಲ್ಲ. ಗಂಡಿನ ಒಂದೊಂದು ಕುಡಿಮೀಸೆಯಲ್ಲಿ ಈ ಗಂಧವನ್ನು ಹಿಡಿಯುವ ರೋಮಗಳು ಸುಮಾರು 17,000.

ಹೀಗೆಂದು ಹೆಣ್ಣು ಘ್ರಾಣಹೀನವೆಂದು ತಿಳಿಯಲಾಗದು. ಮೊಟ್ಟೆಯಿಡಲು ತಕ್ಕ ಗಿಡವನ್ನು ಅರಸುವಾಗ ಎಲೆ ಹೂವುಗಳ ಗಂಧ ಅದಕ್ಕೆ ದಾರಿ ತೋರುತ್ತದೆ. ಗಂಡಿನ ಘ್ರಾಣ ಮುಖ್ಯವಾಗಿ ಸಂಗಾತಿಯ ಕಡೆಗೆ, ಹೆಣ್ಣಿನದು ಬೆಳೆಯ ಕಡೆಗೆ.

ಕಡಲೆಯ ಕಾಯಿಕೊರಕದ ಹೆಣ್ಣು ಸೂಸುವ ಗಂಧದಲ್ಲಿ ಪ್ರಧಾನವಾದವು ಎರಡು ಆಲ್ಡಿಹೈಡುಗಳು. ಅವುಗಳ ಪ್ರಮಾಣ ಸುಮಾರು 97ಕ್ಕೆ 3. ಇವನ್ನೇ ಕೃತಕವಾಗಿ ತಯಾರಿಸಿ ಬಲೆಯಲ್ಲಿಡುವರು. ಆದರೆ ಒಂದೊಂದು ಗಂಡೂ ಹಲವು ಹೆಣ್ಣುಗಳೊಡನೆ ಕೂಡಬಲ್ಲುದು. ಕೂಡಿದ ಹೆಣ್ಣು ದೂರದಿಂದಲೂ ಹಾರಿ ಬರಬಲ್ಲುದು. ಆದುದರಿಂದ ಬಲೆ ತುಂಬಿತೆಂದರೆ ಬೆಳೆ ಉಳಿಯಿತೆಂದು ಅರ್ಥವಲ್ಲ. ಬಲೆಯು ಕಾವಲುಗಾರನೇ ಹೊರತು ಯೋಧನಲ್ಲ. ಬಿದ್ದ ಗಂಡುಗಳ ಸಂಖ್ಯೆ ಏರಿದೊಡನೆ ಗಿಡಗಳಲ್ಲಿ ಮೊಟ್ಟೆ, ಎಳೆಹುಳುಗಳನ್ನು ಹುಡುಕಬೇಕು; ಹುಳು ಬಲಿತು ಕಾಯಿಯನ್ನು ಕೊರೆಯತೊಡಗಿದ ಮೇಲೆ ಅದನ್ನು ಹತೋಟಿಗೆ ತರುವುದು ಕಷ್ಟ.

ಫಾಬ್ರನಿಂದ ಮೋಹಕ ಬಲೆಯವರೆಗಿನ ಈ ಇತಿಹಾಸವು ಬಹುಮಟ್ಟಿಗೆ ಗಂಡಿನ ಘ್ರಾಣದ ಇತಿಹಾಸ. ಬೆಳೆಯ ಹಾನಿಗೆ ಮೂಲವಾದ ಮೊಟ್ಟೆಯನ್ನಿಡುವುದಾದರೋ ಹೆಣ್ಣು. ಅದು ಕಡಲೆ ಗಿಡವನ್ನು ಗುರುತಿಸುವ ಗಂಧದ ಅಭ್ಯಾಸವು ನಮ್ಮ ವಿದ್ಯಾರ್ಥಿಗಳಿಗೆ ತಕ್ಕ ವಿಷಯವೆಂದು ನಾವು ಭಾವಿಸುತ್ತೇವೆ.